ತೆರೆಯ ಹೊಡೆದಾಟ ಮತ್ತು ನಿಜವಾದ ಕಾಳಗ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಹಿನ್ನೆಲೆಯಲ್ಲಿ

ಸಿನಿಮಾದ ತೆರೆಯ ಮೇಲೆ ಕಾಣುವ ಹೊಡೆದಾಟವೂ ಗರಡಿಯಲ್ಲಿ, ಬೀದಿಯಲ್ಲಿ, ರಣರಂಗದಲ್ಲಿ ನಡೆಯುವ ಕಾದಾಟವೂ ಬೇರೆ ಬೇರೆ ವಿದ್ಯೆಗಳು. ಮೊದಲನೆಯದರ ಗುರಿ ನೋಡುಗನಿಗೆ ಎಲ್ಲವೂ ಕಾಣಬೇಕು, ಎದುರಾಳಿಗೆ ಏನೂ ಆಗಬಾರದು ಎಂಬುದು. ಎರಡನೆಯದರಲ್ಲಿ ಎದುರಾಳಿಗೆ ಏನೂ ಕಾಣಬಾರದು, ಆಗಬೇಕಾದದ್ದು ಬೇಗ ಆಗಿಬಿಡಬೇಕು. ಎರಡಕ್ಕೂ ದೇಹದ ಕಸುವು, ಅಭ್ಯಾಸ, ಧೈರ್ಯ ಬೇಕು. ಆದರೆ ಒಂದರಲ್ಲಿ ಪಳಗಿದವನು ಇನ್ನೊಂದರಲ್ಲಿಯೂ ಗೆಲ್ಲುತ್ತಾನೆ ಎಂದು ಹೇಳಲಾಗದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಈ ಹೋಲಿಕೆಗೆ ತಕ್ಕ ನೆಲ. ಪಾಳೆಯಗಾರರ ಕಾಲದ ಯುದ್ಧಗಳು ಇಲ್ಲಿ ನಡೆದಿವೆ. ಬಯಲಾಟದ ಕಾಳಗದ ಕುಣಿತ ಇಲ್ಲಿ ಬೆಳೆದಿದೆ. ಕನ್ನಡ ಸಿನಿಮಾದ ಅತಿ ಹೆಸರಾದ ಹೊಡೆದಾಟದ ನಾಯಕ ರಾಮಾಚಾರಿಯನ್ನು ಕಲ್ಪಿಸಿದ ಲೇಖಕ ತ.ರಾ.ಸು. ಅವರ ಮನೆತನವೂ ಇದೇ ಸೀಮೆಯದು.

ಸೀಮೆಯ ಕಾಳಗದ ಚರಿತ್ರೆ

ಚಳ್ಳಕೆರೆ ಶೇಂಗಾ ಎಣ್ಣೆ ಗಿರಣಿಗಳಿಗೂ ಕಂಬಳಿ ವ್ಯಾಪಾರಕ್ಕೂ, ಮೊಳಕಾಲ್ಮೂರು ರೇಷ್ಮೆ ಸೀರೆಗೂ ಹೆಸರಾದ ಊರುಗಳು. ಮೊಳಕಾಲ್ಮೂರಿನ ಆಚೆ ಆಂಧ್ರದ ರಾಯದುರ್ಗ, ಪಕ್ಕದಲ್ಲಿ ಬಳ್ಳಾರಿ ಸೀಮೆ. ಮಳೆ ಕಡಿಮೆ, ಬಯಲು ಹೆಚ್ಚು. ದನ ಕಾಯುವ, ಬೇಟೆಯಾಡುವ ಬದುಕು ಇಲ್ಲಿಯ ಮ್ಯಾಸಬೇಡರು, ಗೊಲ್ಲರು ಮೊದಲಾದ ಸಮುದಾಯಗಳ ಕಥನಗಳಲ್ಲಿ ಇಂದಿಗೂ ಉಳಿದಿದೆ. ತುರು ಕಾಯುತ್ತ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಮಧ್ಯ ಕರ್ನಾಟಕದ ಊರೂರಲ್ಲಿವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿಂದ ಕಬ್ಬಿಣದ ಆಯುಧಗಳು ಹೊರಬಂದವು. ಅದೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರುಶಾಸನಗಳಿವೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅಲ್ಲಿಯ ಬೋಧೆ. ಆಯುಧ ಹಿಡಿದವರ ಸಮಾಧಿಯೂ ಹಿಂಸೆ ಬೇಡವೆಂಬ ಶಾಸನವೂ ಒಂದೇ ಬೆಟ್ಟದ ಬುಡದಲ್ಲಿ ಸಿಕ್ಕಿರುವುದು ಈ ನೆಲದ ವಿಶೇಷ.

ಯುದ್ಧ ನಿಜವಾಗಿ ಹೇಗೆ ತೀರ್ಮಾನವಾಗುತ್ತದೆ ಎಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯೇ ಸಾಕ್ಷಿ. 1695ರ ಕೊನೆಯಲ್ಲಿ ಮರಾಠಾ ಸೇನಾನಿ ಸಂತಾಜಿ ಘೋರ್ಪಡೆ ಮೊಘಲ್ ಸರದಾರ ಕಾಸಿಂ ಖಾನನ ಸೇನೆಯನ್ನು ಇಲ್ಲಿ ಮುತ್ತಿದ. ಚಿತ್ರದುರ್ಗದ ಭರಮಣ್ಣ ನಾಯಕ ಮರಾಠರ ಕಡೆಗಿದ್ದ. ಮೊಘಲ್ ಪಡೆ ದೊಡ್ಡೇರಿಯ ಸಣ್ಣ ಕೋಟೆಗೆ ಸರಿದು ಒಳಗೇ ಸಿಕ್ಕಿಬಿತ್ತು. ಆಮೇಲೆ ಅದನ್ನು ಸೋಲಿಸಿದ್ದು ಯಾರೋ ಒಬ್ಬ ಶೂರನ ಕತ್ತಿವರಸೆಯಲ್ಲ, ಅನ್ನ ಮೇವುಗಳ ಕೊರತೆ. ಕಾಸಿಂ ಖಾನ್ ಆ ಮುತ್ತಿಗೆಯಲ್ಲೇ ಸತ್ತ. ಉಳಿದವರು ಹಣ ಒಪ್ಪಿಸಿ ಪ್ರಾಣ ಉಳಿಸಿಕೊಂಡರು. ಇಂಥ ಕದನವನ್ನು ಸಿನಿಮಾ ಮಾಡಿದರೆ ಅದರ ನಿಜವಾದ ನಾಯಕನಾದ ಹಸಿವನ್ನು ತೋರಿಸುವುದು ಬಲು ಕಷ್ಟ. ಅದರ ಬದಲು ಇಬ್ಬರು ಸರದಾರರ ಖಡ್ಗಯುದ್ಧವನ್ನು ತರಬೇಕಾಗುತ್ತದೆ. ತೆರೆ ಮತ್ತು ವಾಸ್ತವದ ನಡುವಿನ ಮೊದಲ ಅಂತರ ಇಲ್ಲಿಯೇ ಇದೆ: ಕಾಳಗದ ಕಾರಣಗಳು ಬಹಳಷ್ಟು ಸಲ ಕಣ್ಣಿಗೆ ಬೀಳುವಂಥವಲ್ಲ.

ಗರಡಿಯ ಪಾಠ

ಕರ್ನಾಟಕದಲ್ಲಿ ದೇಹವಿದ್ಯೆಯ ಶಾಲೆ ಎಂದರೆ ಗರಡಿ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಬೇರೆಯದೇ ಅಧ್ಯಾಯವಿದೆ. ಚಿತ್ರದುರ್ಗದ ಕೋಟೆಯೊಳಗೆ ಗರಡಿಮನೆ ಇದೆ. ನೆರೆಯ ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯ ಭಾಗವಾಗಿತ್ತು. ಅಲ್ಲಿಯ ಕ್ರೀಡಾ ವಸತಿ ನಿಲಯ ಇಂದಿಗೂ ರಾಜ್ಯದ ಕುಸ್ತಿಪಟುಗಳ ಮುಖ್ಯ ನೆಲೆ.

ಜಾತ್ರೆಯ ಒಂದು ನಾಡಕುಸ್ತಿಯನ್ನು ಹತ್ತಿರದಿಂದ ನೋಡಿದರೆ ನಿಜವಾದ ಕಾಳಗದ ಅರ್ಧ ವ್ಯಾಕರಣ ಅಲ್ಲೇ ಸಿಗುತ್ತದೆ. ಮಟ್ಟಿಯ ಮಣ್ಣನ್ನು ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿರುತ್ತಾರೆ. ಹಿರಿಯರು ಮೊದಲೇ ಮೈಕಟ್ಟು ನೋಡಿ ಜೋಡಿ ಕಟ್ಟಿರುತ್ತಾರೆ. ಏಕೆಂದರೆ ಇಬ್ಬರೂ ಪಟ್ಟು ಬಲ್ಲವರಾದಾಗ ಹತ್ತಿಪ್ಪತ್ತು ಕೆ.ಜಿ. ಹೆಚ್ಚಿಗೆ ತೂಗುವವನ ಮುಂದೆ ಪಟ್ಟುಗಳ ಜಾಣ್ಮೆ ಬಹಳ ಹೊತ್ತು ನಿಲ್ಲದು. ಇಬ್ಬರೂ ಮಣ್ಣು ಮುಟ್ಟಿ ನಮಸ್ಕರಿಸಿ, ಎದುರಾಳಿಯ ಬೆವರಿನ ಮೈಗೆ ಒಂದು ಹಿಡಿ ಮಣ್ಣು ಸವರುತ್ತಾರೆ, ಹಿಡಿತ ಜಾರಬಾರದು ಎಂದು. ಒಬ್ಬನ ಕೈ ಇನ್ನೊಬ್ಬನ ಕತ್ತಿನ ಹಿಂದೆ ಹೋಗುತ್ತದೆ, ಹಣೆಗೆ ಹಣೆ ತಾಗುತ್ತದೆ. ಎಷ್ಟೋ ಹೊತ್ತು ಏನೂ ನಡೆಯುತ್ತಿಲ್ಲವೆಂದೇ ನೋಡುಗನಿಗೆ ಅನ್ನಿಸುತ್ತದೆ. ಆದರೆ ಒಳಗೆ ಇಬ್ಬರೂ ಎದುರಾಳಿಯ ಭಾರ ಯಾವ ಕಾಲಿಗೆ ಹೋಗುತ್ತದೆ ಎಂದು ಕಾಯುತ್ತಿರುತ್ತಾರೆ. ಭಾರ ಒಂದು ಗಳಿಗೆ ತಪ್ಪಿತೋ, ಸೊಂಟ ಒಳಗೆ ನುಗ್ಗುತ್ತದೆ, ಬೆನ್ನು ಮಣ್ಣಿಗೆ ತಾಗುತ್ತದೆ, ಕುಸ್ತಿ ಮುಗಿಯುತ್ತದೆ. ಪಟ್ಟು ಹಾಕಿದ್ದು ಯಾವಾಗ ಎಂದು ದಂಡೆಯಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಗೊತ್ತಾಗಿರುವುದಿಲ್ಲ. ಉಸ್ತಾದರಿಗೆ ಮಾತ್ರ ಗೊತ್ತಾಗಿರುತ್ತದೆ.

ಮ್ಯಾಟ್ ಮೇಲಿನ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ತಲಾ 3 ನಿಮಿಷದ ಎರಡು ಸುತ್ತು. ಫ್ರೀಸ್ಟೈಲಿನಲ್ಲಿ 10 ಅಂಕಗಳ ಅಂತರ ಬಂದರೆ ಅಲ್ಲಿಗೇ ಮುಗಿಯಿತು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ಇನ್ನೂ ಚಿಕ್ಕದು. ಬೋಳಿಸಿದ ತಲೆಯಿಂದ ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲಿಸುತ್ತಾರೆ. ಹಲವು ಬಾರಿ ಅದು ಒಂದು ನಿಮಿಷವನ್ನೂ ಮುಟ್ಟುವುದಿಲ್ಲ.

ಆಟದ ಕಾಳಗ: ಬಯಲಾಟದಿಂದ ತೆರೆಗೆ

ತೆರೆಯ ಹೊಡೆದಾಟಕ್ಕೆ ಸಿನಿಮಾಕ್ಕಿಂತ ಹಳೆಯ ಬೇರು ಇದೆ. ಚಳ್ಳಕೆರೆ, ಮೊಳಕಾಲ್ಮೂರು, ಬಳ್ಳಾರಿ ಸೀಮೆಯ ಮೂಡಲಪಾಯ ಬಯಲಾಟದಲ್ಲಿ ಭುಜಕೀರ್ತಿ, ಕಿರೀಟ ಧರಿಸಿದ ವೀರರು ಮದ್ದಳೆ, ತಾಳ, ಮುಖವೀಣೆಗೆ ತಕ್ಕ ಹೆಜ್ಜೆ ಹಾಕಿ ಯುದ್ಧ ಮಾಡುತ್ತಾರೆ. ಅಲ್ಲಿ ಬಾಣ ನಿಜವಾಗಿ ತಾಗಬೇಕಿಲ್ಲ. ಹಲಗೆಯ ಅಟ್ಟ ಸದ್ದು ಮಾಡುವಂತೆ ತುಳಿದು, ಎದೆಯುಬ್ಬಿಸಿ ಸುತ್ತಿದರೆ ಕೊನೆಯ ಸಾಲಿನಲ್ಲಿ ಕೂತವನಿಗೂ ಯಾರು ಗೆಲ್ಲುತ್ತಿದ್ದಾರೆ ಎಂದು ತಿಳಿಯುತ್ತದೆ. ಕಂಪನಿ ನಾಟಕಗಳ ಕತ್ತಿವರಸೆಯೂ ಇದೇ ಬಗೆಯದು. ಆ ರಂಗಭೂಮಿಯಲ್ಲಿ ಬೆಳೆದ ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಾಗಿ ತೆರೆಗೆ ಬಂದರು. 1960ರ ‘ರಣಧೀರ ಕಂಠೀರವ’ದಲ್ಲಿ ಅವರು ವಹಿಸಿದ ಪಾತ್ರ, ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಆಸ್ಥಾನದ ಮಲ್ಲನನ್ನು ಸೋಲಿಸಿದನೆಂದು ಹೆಸರಾದ ಮೈಸೂರಿನ ಅರಸನದು.

1972ರ ಕೊನೆಯಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಈ ಸೀಮೆಯನ್ನು ಇಡೀ ನಾಡಿನ ಕಣ್ಣಿಗೆ ತಂದಿತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಕೂಡಿಸಿ ಮಾಡಿದ ಚಿತ್ರ ಅದು. ತ.ರಾ.ಸು. ಅವರ ಹೆಸರಿನ ಮೊದಲಕ್ಷರದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ರಾಮಾಚಾರಿಯಾಗಿ ವಿಷ್ಣುವರ್ಧನ್, ಜಲೀಲನಾಗಿ ಅಂಬರೀಷ್ ಜನರಿಗೆ ಪರಿಚಯವಾದರು. ರಾಮಾಚಾರಿಯ ಹೊಡೆದಾಟದಲ್ಲಿ ಯಾವ ಶಾಲೆಯ ಶಿಸ್ತೂ ಇಲ್ಲ, ಹುಡುಗನೊಬ್ಬನ ರೋಷ ಇದೆ. ಬೀದಿಯ ಜಗಳದ ಸ್ವಭಾವ ಹೆಚ್ಚುಪಾಲು ಹೀಗೆಯೇ ಇರುವುದರಿಂದ ಆ ದೃಶ್ಯಗಳು ಐವತ್ತು ವರ್ಷದ ನಂತರವೂ ಸುಳ್ಳೆನಿಸುವುದಿಲ್ಲ.

ಮರುವರ್ಷ, 1973ರಲ್ಲಿ, ಬ್ರೂಸ್ ಲೀಯ ‘ಎಂಟರ್ ದ ಡ್ರ್ಯಾಗನ್’ ಬಂತು. ಜಗತ್ತಿನ ಎಲ್ಲ ಕಡೆಯಂತೆ ಕರ್ನಾಟಕದ ಪಟ್ಟಣಗಳಲ್ಲಿಯೂ ಕರಾಟೆಯ ಹುಚ್ಚು ಹಬ್ಬಿತು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಬಾಡಿಗೆ ಯೋಧರ ಬದುಕನ್ನು ತೋರಿಸಿತು. ಅದರಲ್ಲಿ ಶಂಕರ್‌ನಾಗ್ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು. ನೆರೆಯ ತುಮಕೂರು ಜಿಲ್ಲೆಯ ಮಧುಗಿರಿಯ ಅರ್ಜುನ್ ಸರ್ಜಾ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ನಟರಾಗಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಹೆಸರು ಮಾಡಿದರು. ಗಡಿಸೀಮೆಯಾದ್ದರಿಂದ ಮೊಳಕಾಲ್ಮೂರಿನ ಪ್ರೇಕ್ಷಕರಿಗೆ ತೆಲುಗು ಚಿತ್ರಗಳ ಹೊಡೆದಾಟವೂ ಮನೆಯದೇ ಆಗಿದೆ.

2018ರ ‘ಕೆ.ಜಿ.ಎಫ್. ಅಧ್ಯಾಯ 1’ಕ್ಕೆ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ವಿಕ್ರಂ ಮೋರ್ ಮತ್ತು ಅನ್ಬರಿವ್ ಜೋಡಿ ಅದರ ಫೈಟ್ ಮಾಸ್ಟರ್‌ಗಳು. ಕುಸ್ತಿಯನ್ನೇ ಕತೆಯ ನಡುವೆ ಇಟ್ಟ ‘ಪೈಲ್ವಾನ್’ (2019), ‘ಗರಡಿ’ (2023) ಚಿತ್ರಗಳೂ ಬಂದಿವೆ.

ತೆರೆಯ ಹೊಡೆತ ಹೇಗೆ ಹುಟ್ಟುತ್ತದೆ

ಒಂದು ಗುದ್ದನ್ನು ಬಿಡಿಸಿ ನೋಡಬಹುದು. ಹೊಡೆಯುವ ನಟ ಎದುರಾಳಿಯ ಮುಖದಿಂದ ಒಂದು ಗೇಣಾದರೂ ದೂರದಲ್ಲಿ ಕೈ ಬೀಸುತ್ತಾನೆ. ಕ್ಯಾಮೆರಾವನ್ನು ಒಬ್ಬನ ಭುಜದ ಹಿಂದೆ ಇಟ್ಟಿರುತ್ತಾರೆ. ಆ ಕೋನದಿಂದ ನೋಡಿದಾಗ ಮುಷ್ಟಿ ಮುಖವನ್ನು ದಾಟಿ ಹೋಗುವುದು ಮುಖಕ್ಕೆ ತಾಗಿದಂತೆಯೇ ಕಾಣುತ್ತದೆ. ಉದ್ದ ಲೆನ್ಸ್ ನಡುವಿನ ದೂರವನ್ನು ಇನ್ನಷ್ಟು ಮುಚ್ಚುತ್ತದೆ. ಅದೇ ಗಳಿಗೆಯಲ್ಲಿ ಪೆಟ್ಟು ತಿನ್ನುವವನು ತಲೆ ಕೊಡವಿ ಹಿಂದಕ್ಕೆ ಬೀಳಬೇಕು. ಸಿನಿಮಾ ಮಂದಿ ಇದನ್ನು ರಿಯಾಕ್ಷನ್ ಎನ್ನುತ್ತಾರೆ. ಹೊಡೆತಕ್ಕೆ ಬಲ ಬರುವುದು ಹೊಡೆದವನಿಂದಲ್ಲ, ಬೀಳುವ ಫೈಟರ್‌ನ ಟೈಮಿಂಗ್‌ನಿಂದ. ಅವನು ಅರೆಕ್ಷಣ ತಡಮಾಡಿದರೆ ನಾಯಕನ ಗುದ್ದು ಗಾಳಿಗುದ್ದಾಗುತ್ತದೆ. ‘ಢಿಶುಂ’ ಸದ್ದು ಆಮೇಲೆ ಸ್ಟುಡಿಯೋದಲ್ಲಿ ಸೇರುತ್ತದೆ. ಸೆಕೆಂಡಿಗೆ 24 ಚಿತ್ರಗಳ ಬದಲು 22ರಂತೆ ತೆಗೆದು 24ರಲ್ಲಿ ಓಡಿಸಿದರೆ ಕೈಯ ಚಲನೆ ಚುರುಕಾಗುತ್ತದೆ. ಸಂಕಲನಕಾರ ಒಂದೇ ಹೊಡೆತವನ್ನು ಎರಡು ಮೂರು ಕೋನಗಳಿಂದ ಕತ್ತರಿಸಿ ಜೋಡಿಸುತ್ತಾನೆ.

ಗಾಳಿಯಲ್ಲಿ ಹಾರುವ ಖಳರ ಸೊಂಟಕ್ಕೆ ಪಟ್ಟಿ ಕಟ್ಟಿ ರೋಪಿನಲ್ಲಿ ಎಳೆಯುತ್ತಾರೆ. ತಂತಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ಒಡೆಯುವ ಗಾಜು ಗಾಜಲ್ಲ, ಬಂಡೆ ಥರ್ಮಾಕೋಲಿನದು. ಎತ್ತರದಿಂದ ಬಿದ್ದವನ ಅಡಿಯಲ್ಲಿ ರಟ್ಟಿನ ಪೆಟ್ಟಿಗೆಗಳೂ ದಪ್ಪ ಹಾಸಿಗೆಗಳೂ ಇರುತ್ತವೆ. ನಾಯಕನ ಮುಖ ಕಾಣದ ಅಪಾಯದ ಶಾಟ್‌ಗಳಲ್ಲಿ ಡೂಪ್ ಇರುತ್ತಾನೆ. ಹತ್ತು ಮಂದಿ ಸುತ್ತುವರಿದರೂ ಒಬ್ಬೊಬ್ಬರಾಗಿಯೇ ಮುಂದೆ ಬರುವುದು ಫೈಟ್ ಮಾಸ್ಟರ್ ಲೆಕ್ಕ ಹಾಕಿ ಕೊಟ್ಟ ಸರದಿ.

ಇವನ್ನೆಲ್ಲ ಮೋಸ ಎಂದು ಕರೆಯುವುದು ಸರಿಯಲ್ಲ. ನೂರು ಸಲ ಬಿದ್ದು ಒಂದು ಸಲವೂ ಪೆಟ್ಟಾಗದಂತೆ ಏಳುವುದು, ಮುಖದ ಹತ್ತಿರ ಕೈ ಬೀಸಿಯೂ ತಾಗಿಸದಿರುವುದು ಕಷ್ಟಪಟ್ಟು ಗಳಿಸಿದ ವಿದ್ಯೆ. ಆದರೆ ಆ ವಿದ್ಯೆ ಎದುರಾಳಿಯ ಸಹಕಾರದ ಮೇಲೆ ನಿಂತಿದೆ. ನಿಜವಾದ ಕಾದಾಟದಲ್ಲಿ ಇಲ್ಲದೇ ಇರುವುದು ಆ ಸಹಕಾರವೇ.

ನಿಜವಾದ ಕಾದಾಟದ ಗುಣಗಳು

ಮೊದಲನೆಯದು ಕಾಲ. ಮನುಷ್ಯ ತನ್ನ ಪೂರ್ತಿ ಶಕ್ತಿ ಹಾಕಿ ಹೋರಾಡಬಲ್ಲದ್ದು ಕೆಲವೇ ಸೆಕೆಂಡು. ಸ್ನಾಯುಗಳಲ್ಲಿ ತಕ್ಷಣಕ್ಕೆ ಸಿದ್ಧವಿರುವ ಶಕ್ತಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬರಿದಾಗುತ್ತದೆ. ಆಮೇಲೆ ಉಸಿರು ಮೇಲಾಗಿ ಕೈ ಭಾರವಾಗುತ್ತದೆ. ತರಬೇತಿ ಪಡೆದ ಬಾಕ್ಸರನಿಗೂ 3 ನಿಮಿಷದ ಸುತ್ತು ದೀರ್ಘವೆನಿಸುತ್ತದೆ. ತೆರೆಯ ಮೇಲಿನ ಹತ್ತು ನಿಮಿಷದ ಕ್ಲೈಮ್ಯಾಕ್ಸ್ ಅನೇಕ ದಿನಗಳ ಚಿತ್ರೀಕರಣದ ತುಣುಕುಗಳ ಜೋಡಣೆ, ನಡುವೆ ನೀರು, ನೆರಳು, ವಿಶ್ರಾಂತಿ ಎಲ್ಲವೂ ಇರುತ್ತವೆ.

ಎರಡನೆಯದು ದೂರ. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಸುಮಾರು 0.2 ಸೆಕೆಂಡು ಬೇಕು. ಹತ್ತಿರದಿಂದ ಬಂದ ಗುದ್ದು ಅಷ್ಟರಲ್ಲೇ ತಾಗಿರುತ್ತದೆ. ಹೀಗಾಗಿ ಪ್ರತಿ ಹೊಡೆತವನ್ನೂ ಕಂಡು ತಡೆಯುವುದು ಸಿನಿಮಾದಲ್ಲಿ ಮಾತ್ರ ಸಾಧ್ಯ. ಅನುಭವಿಗಳು ದೂರ ಕಾಯ್ದುಕೊಂಡು, ಎದುರಾಳಿಯ ಭುಜ, ಸೊಂಟಗಳ ಚಲನೆ ನೋಡಿ ಮೊದಲೇ ಊಹಿಸುತ್ತಾರೆ. ಅಂತರ ಮುಚ್ಚಿದರೆ ಜಗಳ ಬಹಳ ಬೇಗ ಅಪ್ಪಿಹಿಡಿದ ಗುದ್ದಾಟವಾಗಿ ನೆಲಕ್ಕೆ ಬೀಳುತ್ತದೆ. ಆಗ ಎತ್ತರದ ಒದೆತಕ್ಕೆ ಜಾಗವೇ ಉಳಿಯುವುದಿಲ್ಲ.

ಮೂರನೆಯದು ದೇಹದ ಮಿತಿ. ಬರಿಗೈಯಲ್ಲಿ ತಲೆಬುರುಡೆಗೆ ಗುದ್ದಿದರೆ ಕಿರುಬೆರಳ ಹಿಂದಿನ ಅಂಗೈ ಎಲುಬು ಮುರಿಯುವುದು ವೈದ್ಯರು ಸದಾ ನೋಡುವ ಗಾಯ. ಬಾಕ್ಸಿಂಗ್ ಗ್ಲೌಸ್ ಎದುರಾಳಿಯ ಮುಖಕ್ಕಿಂತ ಹೆಚ್ಚಾಗಿ ಹೊಡೆಯುವವನ ಕೈ ಕಾಯುತ್ತದೆ. ಭಯ, ರೋಷಗಳಲ್ಲಿ ಅಡ್ರಿನಲಿನ್ ಏರಿದಾಗ ಬೆರಳುಗಳ ಸೂಕ್ಷ್ಮ ಕೆಲಸ ಕೆಡುತ್ತದೆ, ಅಕ್ಕಪಕ್ಕದ್ದು ಕಾಣದಾಗುತ್ತದೆ, ಕಲಿತ ನೂರು ಪಟ್ಟುಗಳಲ್ಲಿ ಸಾವಿರ ಸಲ ಮಾಡಿದ ಎರಡು ಮೂರು ಮಾತ್ರ ನೆನಪಾಗುತ್ತವೆ. ತಲೆಗೆ ಬಿದ್ದ ಒಂದೇ ಪೆಟ್ಟಿಗೆ ಪ್ರಜ್ಞೆ ತಪ್ಪಿತೆಂದರೆ ಅದು ಮಿದುಳಿನ ಗಾಯ. ನೆಲಕ್ಕೆ ತಲೆ ಬಡಿದು ಸತ್ತವರಿದ್ದಾರೆ. ಪ್ರಜ್ಞೆ ತಪ್ಪಿದ ಖಳ ಮುಂದಿನ ದೃಶ್ಯದಲ್ಲಿ ಎದ್ದು ಬರುವುದು ಸಿನಿಮಾ ಕಲಿಸುವ ಅತಿ ಅಪಾಯದ ಸುಳ್ಳು.

ನಾಲ್ಕನೆಯದು ಸಂಖ್ಯೆ ಮತ್ತು ಆಯುಧ. ಇಬ್ಬರು ಸಾಮಾನ್ಯರು ಒಟ್ಟಿಗೆ ನುಗ್ಗಿದರೆ ಒಬ್ಬ ನುರಿತವನಿಗೂ ಕಷ್ಟ. ಗಡಿಯಾಚೆ ಕರ್ನೂಲು ಜಿಲ್ಲೆಯ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳಮಲ್ಲೇಶ್ವರನ ಉತ್ಸವಕ್ಕೆ ಹಲವು ಊರುಗಳ ಜನ ದೊಣ್ಣೆ ಹಿಡಿದು ಸೇರುತ್ತಾರೆ. ಬಳ್ಳಾರಿ ಕಡೆಯಿಂದಲೂ ಭಕ್ತರು ಹೋಗುತ್ತಾರೆ. ಪ್ರತಿವರ್ಷ ಅಲ್ಲಿ ಹತ್ತಾರು ಜನರ ತಲೆ ಒಡೆಯುತ್ತದೆ. ಗುಂಪಿನ ದೊಣ್ಣೆಯಾಟದಲ್ಲಿ ಪೆಟ್ಟು ಯಾವ ಕಡೆಯಿಂದ ಬರುತ್ತದೆ ಎಂಬುದೇ ತಿಳಿಯುವುದಿಲ್ಲ, ಅಲ್ಲಿ ಒಬ್ಬನ ಕೌಶಲಕ್ಕೆ ಬೆಲೆ ಕಡಿಮೆ. ಸಿನಿಮಾದಲ್ಲಿ ನಾಯಕ ನೂರು ದೊಣ್ಣೆಗಳ ನಡುವಿನಿಂದ ಗಾಯವಿಲ್ಲದೆ ಹೊರಬರುವುದನ್ನು ಈ ವಾಸ್ತವದ ಪಕ್ಕದಲ್ಲಿಟ್ಟು ನೋಡಬೇಕು.

ಓಬವ್ವನ ಕಿಂಡಿ

ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಕೋಟೆಯ ಕಿಂಡಿಯಲ್ಲಿ ನುಸುಳಿದವರನ್ನು ಕೊಂದಳೆಂಬುದು ಚಿತ್ರದುರ್ಗದ ಜನರ ಬಾಯಲ್ಲಿ ಉಳಿದು ಬಂದ ಕಥನ. ‘ನಾಗರಹಾವು’ ಚಿತ್ರದ ಹಾಡಿನಲ್ಲಿ ಜಯಂತಿ ಆ ಪಾತ್ರ ಮಾಡಿದ ಮೇಲೆ ಓಬವ್ವನ ಮುಖ ಎಂದರೆ ಕನ್ನಡಿಗರಿಗೆ ಜಯಂತಿಯವರ ಮುಖವೇ ಆಯಿತು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರ ಒನಕೆ ಓಬವ್ವ ಜಯಂತಿ ಆಚರಿಸುತ್ತಿದೆ.

ಈ ಕಥನ ತೆರೆಯ ಹೊಡೆದಾಟಗಳಿಗಿಂತ ನಿಜವಾದ ಕಾಳಗದ ಸೂತ್ರಗಳಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ಗಮನಿಸಬೇಕು. ಕಿಂಡಿ ಇಕ್ಕಟ್ಟಾದ್ದರಿಂದ ಶತ್ರುಗಳು ಎಷ್ಟೇ ಇದ್ದರೂ ಒಬ್ಬೊಬ್ಬರಾಗಿಯೇ ಬರಬೇಕು. ಸಿನಿಮಾದ ಸರದಿ ಇಲ್ಲಿ ಬಂಡೆಯೇ ಮಾಡಿಕೊಟ್ಟದ್ದು. ತೆವಳಿ ಬರುವವನ ತಲೆ ಮೊದಲು ಹೊರಬರುತ್ತದೆ, ಅವನ ಕೈಯಲ್ಲಿ ಕತ್ತಿ ಇದ್ದರೂ ಬೀಸಲು ಜಾಗವಿಲ್ಲ. ಒನಕೆ ಭಾರವಾದ ಮರ. ಭತ್ತ ಕುಟ್ಟುವ ಹೆಂಗಸಿನ ತೋಳಿಗೆ ಅದರ ತೂಕವೂ ಏರಿಳಿತವೂ ವರ್ಷಗಳಿಂದ ಅಭ್ಯಾಸ. ಮೇಲಿಂದ ಕೆಳಗೆ ಹಾಕುವುದೇ ಅದರ ಸಹಜ ಚಲನೆ. ಎಲ್ಲಕ್ಕಿಂತ ಮಿಗಿಲಾಗಿ, ಒಳಗೆ ಯಾರೋ ಕಾದಿದ್ದಾರೆ ಎಂಬುದು ಹೊರಗಿನವರಿಗೆ ಗೊತ್ತಿರಲಿಲ್ಲ. ಜಾಗ, ತಕ್ಕ ಸಾಧನ, ಬೆಳೆದ ಅಭ್ಯಾಸ, ಅನಿರೀಕ್ಷಿತತೆ ಈ ನಾಲ್ಕು ಕೂಡಿದಾಗ ತೋಳ್ಬಲದ ಲೆಕ್ಕ ತಲೆಕೆಳಗಾಗುತ್ತದೆ. ಆತ್ಮರಕ್ಷಣೆ ಕಲಿಸುವ ಯಾವ ಒಳ್ಳೆಯ ಗುರುವೂ ಇಂದು ಹೇಳುವುದು ಇದನ್ನೇ.

ಪರೀಕ್ಷೆಗೆ ನಿಂತ ವಿದ್ಯೆಗಳು

ತೆರೆಯ ಖ್ಯಾತಿಯನ್ನೂ ಕಣದ ಸಾಮರ್ಥ್ಯವನ್ನೂ ಒರೆಗೆ ಹಚ್ಚಿದ ಕೆಲವು ಘಟನೆಗಳು ಜಗತ್ತಿನಲ್ಲಿ ನಡೆದಿವೆ. 1964ರಲ್ಲಿ ಅಮೆರಿಕದ ಓಕ್ಲೆಂಡಿನಲ್ಲಿ ಕುಂಗ್‌ಫು ಪಟು ವಾಂಗ್ ಜ್ಯಾಕ್ ಮ್ಯಾನ್ ಜತೆಗೆ ನಡೆದ ಖಾಸಗಿ ಕಾಳಗದ ನಂತರ ಬ್ರೂಸ್ ಲೀ ತನ್ನ ದಮ್ಮು ಸಾಲದೆಂದು ಕಂಡುಕೊಂಡು ತರಬೇತಿಯನ್ನೇ ಬದಲಿಸಿದ. ಕಟ್ಟಿದ ಭಂಗಿಗಳನ್ನು ಬಿಟ್ಟು, ಕೆಲಸಕ್ಕೆ ಬಂದದ್ದನ್ನು ಮಾತ್ರ ಇಟ್ಟುಕೊಳ್ಳುವ ತನ್ನ ಪದ್ಧತಿಗೆ ಜೀತ್ ಕುನೆ ದೊ ಎಂದು ಹೆಸರಿಟ್ಟ. ತೆರೆಯ ಮೇಲೆ ಎತ್ತರದ ಒದೆತಗಳನ್ನು ತೋರಿಸಿದ ಅದೇ ಬ್ರೂಸ್ ಲೀ ಶಿಷ್ಯರಿಗೆ ಆತ್ಮರಕ್ಷಣೆಗಾಗಿ ಮೊಣಕಾಲಿನ ಮಟ್ಟದ ಒದೆತ ಕಲಿಸುತ್ತಿದ್ದ.

1976ರ ಜೂನ್ 26ರಂದು ಟೋಕಿಯೊದಲ್ಲಿ ಬಾಕ್ಸಿಂಗ್ ಚಾಂಪಿಯನ್ ಮುಹಮ್ಮದ್ ಅಲಿ ಮತ್ತು ಕುಸ್ತಿಪಟು ಆಂಟೋನಿಯೊ ಇನೋಕಿ ಎದುರುಬದುರಾದರು. 15 ಸುತ್ತುಗಳ ಬಹುಪಾಲು ಇನೋಕಿ ಬೆನ್ನ ಮೇಲೆ ಮಲಗಿ ಅಲಿಯ ಕಾಲಿಗೆ ಒದೆಯುತ್ತಿದ್ದ. ಅಲಿ ಹಾಕಿದ ಗುದ್ದುಗಳು ಬೆರಳೆಣಿಕೆಯಷ್ಟು. ಪಂದ್ಯ ಸಮ ಆಯಿತು, ನೋಡಲು ಬಂದವರು ರೊಚ್ಚಿಗೆದ್ದರು. ಇಬ್ಬರು ಮಹಾನ್ ಪಟುಗಳು ತಮ್ಮ ತಮ್ಮ ರಕ್ಷಣೆಯನ್ನು ಬಿಟ್ಟುಕೊಡದಿದ್ದರೆ ಕಾಳಗ ಹೀಗೆಯೇ ನೀರಸವಾಗಿರುತ್ತದೆ. 1993ರ ನವೆಂಬರಿನಲ್ಲಿ ಡೆನ್ವರಿನಲ್ಲಿ ನಡೆದ, ಬೇರೆ ಬೇರೆ ಕಾಳಗವಿದ್ಯೆಗಳವರನ್ನು ಎದುರುಬದುರು ನಿಲ್ಲಿಸಿದ ಮೊದಲ ಯು.ಎಫ್.ಸಿ. ಸ್ಪರ್ಧೆಯಲ್ಲಿ ತೆಳು ಮೈಕಟ್ಟಿನ ರಾಯ್ಸ್ ಗ್ರೇಸಿ ತನಗಿಂತ ದಪ್ಪದವರನ್ನು ನೆಲಕ್ಕೆಳೆದು, ಹಿಡಿತಗಳಿಂದ ಶರಣಾಗಿಸಿ ಗೆದ್ದ. ಗರಡಿಯ ಉಸ್ತಾದರಿಗೆ ಅದರಲ್ಲಿ ಅಚ್ಚರಿ ಇರಲಿಲ್ಲ. 2017ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಶು ಶಿಯಾವೊದೊಂಗ್ ಎಂಬ ಸ್ಪರ್ಧಾ ಕಾಳಗದ ಪಟು, ಗುರುವೆಂದು ಹೆಸರು ಪಡೆದಿದ್ದ ತೈಚಿ ಶಿಕ್ಷಕನನ್ನು ಅರೆನಿಮಿಷದೊಳಗೆ ಕೆಡವಿದ. ಪ್ರತಿರೋಧ ತೋರುವ ಎದುರಾಳಿಯ ಜತೆ ಅಭ್ಯಾಸ ಮಾಡದ ವಿದ್ಯೆ ಕಣದಲ್ಲಿ ನಿಲ್ಲದು ಎಂಬುದೇ ಇವುಗಳ ಒಟ್ಟು ಪಾಠ.

ಕುಸ್ತಿಯ ಸಿನಿಮಾ ಕೂಡ ಸತ್ಯವನ್ನು ಕತೆಗಾಗಿ ಬಾಗಿಸುತ್ತದೆ. ‘ದಂಗಲ್’ (2016) ಚಿತ್ರದಲ್ಲಿ ಗೀತಾ ಫೋಗಟ್ ಕಾಮನ್‌ವೆಲ್ತ್ ಫೈನಲ್ ಗೆಲ್ಲುವುದು ಕಡೆಯ ಸೆಕೆಂಡುಗಳಲ್ಲಿ. 2010ರ ದೆಹಲಿ ಕ್ರೀಡಾಕೂಟದಲ್ಲಿ ನಿಜವಾಗಿ ಅವರು ಗೆದ್ದದ್ದು ನಿರಾಯಾಸವಾಗಿ.

ತೆರೆಯ ಕಲಾವಿದರ ಸಾಮರ್ಥ್ಯ ಮತ್ತು ಅಪಾಯ

ಸಿನಿಮಾದಲ್ಲಿ ಹೊಡೆದಾಡುವವರೆಲ್ಲ ಬರೀ ನಟರೆಂದು ತಿಳಿಯುವುದೂ ತಪ್ಪು. ‘ದುನಿಯಾ’ (2007) ಚಿತ್ರದ ನಾಯಕ ವಿಜಯ್ ಮುಂಚೆ ಸಾಹಸ ಕಲಾವಿದರಾಗಿ ದುಡಿದವರು. ಮಂಗಳೂರು ಕಡೆಯ ಎಂ.ಬಿ. ಶೆಟ್ಟಿ ಹಿಂದಿ ಚಿತ್ರರಂಗದಲ್ಲಿ ಫೈಟ್ ಮಾಸ್ಟರ್ ಆಗಿಯೂ ಖಳನಾಗಿಯೂ ಹೆಸರಾದರು. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರಿಗೆ ರೋಪೂ ಇಲ್ಲ, ಕಂಪ್ಯೂಟರ್ ಕೈಚಳಕವೂ ಇಲ್ಲ. ಜನ ಅವರನ್ನು ಪ್ರೀತಿಯಿಂದ ಕೋತಿರಾಜ್ ಎನ್ನುತ್ತಾರೆ. ದೇಹದ ಇಂಥ ಹಿಡಿತ ನಿಜ. ಆದರೂ ಏರುವುದು, ಹಾರುವುದು, ಬೀಳುವುದು ಒಂದು ಸಾಮರ್ಥ್ಯ. ಎದುರಿಗೆ ನಿಂತವನನ್ನು ಮಣಿಸುವುದು ಇನ್ನೊಂದು.

ತೆರೆಯ ಹೊಡೆದಾಟ ಸುಳ್ಳಾದರೂ ಅದರ ಅಪಾಯ ಸುಳ್ಳಲ್ಲ. ಜ್ಯಾಕಿ ಚಾನ್ 1986ರಲ್ಲಿ ಯುಗೊಸ್ಲಾವಿಯಾದಲ್ಲಿ ಚಿತ್ರೀಕರಣದ ವೇಳೆ ಮರದಿಂದ ಬಿದ್ದು ತಲೆಬುರುಡೆಗೆ ಪೆಟ್ಟು ಮಾಡಿಕೊಂಡರು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸಿಗಾಗಿ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ ಇನ್ನೊಂದು ಕನ್ನಡ ಚಿತ್ರದ ಸಾಹಸ ದೃಶ್ಯದ ಚಿತ್ರೀಕರಣದಲ್ಲಿ ವಿದ್ಯುತ್ ತಗುಲಿ ಫೈಟರ್ ಒಬ್ಬರು ಪ್ರಾಣ ಕಳೆದುಕೊಂಡರು. ಎರಡು ನಿಮಿಷದ ರಂಜನೆಗೆ ಒಂದು ಜೀವವನ್ನೂ ತೆರಲಾಗದು. ಜೀವರಕ್ಷಕ ಉಡುಪು, ಆಂಬುಲೆನ್ಸ್, ವಿಮೆ ಇವು ಇಲ್ಲದ ಕಡೆ ಕ್ಯಾಮೆರಾ ಓಡಬಾರದು. ತೆರೆಯ ಮೇಲೆ ಹೆಸರು ಬಾರದ ಫೈಟರ್‌ಗಳ ಶ್ರಮಕ್ಕೆ ಸಲ್ಲುವ ಮೊದಲ ಗೌರವ ಅದು. ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಕೊಡಲು ಶುರುವಾದದ್ದೇ 2016ರ ಚಿತ್ರಗಳಿಂದ. ಇಷ್ಟು ತಡವಾದದ್ದು ಈ ವರ್ಗಕ್ಕೆ ಆದ ಅನ್ಯಾಯ.

ಇಂದಿನ ಕಲಿಕೆ ಮತ್ತು ಕಾನೂನು

ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ಕರಾಟೆ ಕಲಿಯುವ ಮಕ್ಕಳಿದ್ದಾರೆ. ಸಮಗ್ರ ಶಿಕ್ಷಣದ ಅಡಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಇದೆ. ಪೊಲೀಸ್ ಇಲಾಖೆಯ ಮಹಿಳಾ ಗಸ್ತು ತಂಡಗಳಿಗೆ ಹಲವು ಊರುಗಳಲ್ಲಿ ‘ಓಬವ್ವ ಪಡೆ’ ಎಂದು ಹೆಸರಿಟ್ಟಿದ್ದಾರೆ. ಇಂಥ ತರಬೇತಿಯ ಗುಣ ಅಳೆಯುವುದು ಹೇಗೆ ಎಂದು ಪೋಷಕರು ಕೇಳುವುದುಂಟು. ಬರೀ ಭಂಗಿ, ಹಂಚು ಒಡೆಯುವ ಪ್ರದರ್ಶನ, ಬೆಲ್ಟಿನ ಬಣ್ಣಗಳೇ ಇದ್ದರೆ ಅದು ತೆರೆಯ ಕಡೆಗೆ ವಾಲಿದ ಕಲಿಕೆ. ಪ್ರತಿರೋಧ ತೋರುವ ಜೊತೆಗಾರರೊಡನೆ ಅಭ್ಯಾಸ, ಬೀಳುವ ಕ್ರಮ, ಹಿಡಿತ ಬಿಡಿಸಿಕೊಳ್ಳುವುದು, ಕೂಗಿ ಜನ ಸೇರಿಸುವುದು, ಓಡಿ ಪಾರಾಗುವುದು, ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು ಪಾಠದಲ್ಲಿದ್ದರೆ ಅದು ಬದುಕಿಗೆ ಬರುವ ವಿದ್ಯೆ.

ಕಾನೂನಿನ ಮಾತೂ ಮುಖ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಬಿದ್ದವನನ್ನು ಎಬ್ಬಿಸಿ ಮತ್ತೆ ಹೊಡೆಯುವ ನಾಯಕನನ್ನು ಚಿತ್ರಮಂದಿರದಲ್ಲಿ ಶಿಳ್ಳೆ ಹೊಡೆದು ಮೆಚ್ಚಬಹುದು. ಬೀದಿಯಲ್ಲಿ ಅದನ್ನೇ ಮಾಡಿದವನು ಆರೋಪಿಯಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಒಟ್ಟು ನೋಟ

ತೆರೆಯ ಕಾಳಗ ಸಹಕಾರದ ಕಲೆ, ನಿಜವಾದ ಕಾಳಗ ಪ್ರತಿರೋಧದ ವಿದ್ಯೆ. ಮೊದಲನೆಯದನ್ನು ಬಯಲಾಟವನ್ನು ಮೆಚ್ಚುವಂತೆಯೇ, ಅದರ ಹೆಜ್ಜೆ, ಲಯ, ಕಲ್ಪನೆಗಳಿಗಾಗಿ ಮೆಚ್ಚಬೇಕು. ಎರಡನೆಯದನ್ನು ಗರಡಿಯಲ್ಲಿ ಗುರುವಿನ ಕಣ್ಣೆದುರು ಮಾತ್ರ ಕಲಿಯಬೇಕು. ದೊಡ್ಡೇರಿಯಲ್ಲಿ ಹಸಿವು ಗೆದ್ದದ್ದೂ ಕಿಂಡಿಯಲ್ಲಿ ಜಾಗ ಗೆದ್ದದ್ದೂ ಒಂದೇ ಮಾತನ್ನು ಹೇಳುತ್ತವೆ: ಕಾದಾಟವನ್ನು ತೀರ್ಮಾನಿಸುವುದು ಬರೀ ತೋಳಲ್ಲ. ಚಳ್ಳಕೆರೆ, ಮೊಳಕಾಲ್ಮೂರಿನ ತರುಣರು ಸಿನಿಮಾದ ಜಿಗಿತಗಳನ್ನು ಮಾಳಿಗೆ, ಬೆಟ್ಟಗಳ ಮೇಲೆ ಅನುಕರಿಸಿ ಕೈಕಾಲು ಮುರಿದುಕೊಳ್ಳಬಾರದು. ಆಸೆಯಿದ್ದವರು ದಾವಣಗೆರೆಯ ಕುಸ್ತಿ ಕಣಕ್ಕೋ ಊರಿನ ಗರಡಿಗೋ ಹೋಗಿ ಮಣ್ಣು ಮುಟ್ಟಲಿ. ಅಲ್ಲಿ ಮೊದಲು ಕಲಿಯುವುದು ಬೀಳುವುದನ್ನು, ಆಮೇಲೆ ಏಳುವುದನ್ನು, ಕೊನೆಗೆ ಅನಗತ್ಯ ಜಗಳದಿಂದ ದೂರ ಸರಿಯುವುದನ್ನು. ಈ ಮೂರನ್ನೂ ಕಲಿತವನೇ ನಿಜವಾದ ಪೈಲ್ವಾನ.